ಹೃದಯದ ಎಂಆರ್‌ಐ: ಇಸಿವಿ 28 ಇದ್ದದ್ದು 31 ಆದರೆ ರೋಗ ಜಾಸ್ತಿ ಆಯ್ತಾ?

ಪ್ರಶ್ನೆ: ನಮ್ಮ ಅಣ್ಣನಿಗೆ 54 ವರ್ಷ. ಹೃದಯದ ಗೋಡೆ ಸ್ವಲ್ಪ ದಪ್ಪ ಆಗಿದೆ ಅಂತ ಎರಡು ವರ್ಷದ ಹಿಂದೆ ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡಿದ್ದರು. ಆಗ ನೇಟಿವ್ ಟಿ1 1210 ಮಿಲಿಸೆಕೆಂಡ್, ಇಸಿವಿ ಶೇ 28 ಇತ್ತು. ಈಗ ಬೇರೆ ಕಡೆ ಮಾಡಿಸಿದೆವು. ಟಿ1 1040ಕ್ಕೆ ಇಳಿದಿದೆ, ಇಸಿವಿ ಶೇ 31ಕ್ಕೆ ಏರಿದೆ. ಒಂದು ಇಳಿದು ಇನ್ನೊಂದು ಏರಿದರೆ ಏನು ತಿಳಿದುಕೊಳ್ಳಬೇಕು? ಕಾಂಟ್ರಾಸ್ಟ್ ಔಷಧ ಹೃದಯದಲ್ಲಿ ಎಷ್ಟು ಹರಡಿದೆ ಅಂತ ಬರೀ ಚಿತ್ರ ನೋಡಿ ಶೇಕಡಾವಾರು ಹೇಗೆ ಹೇಳುತ್ತಾರೆ? ತಿಂಗಳ ಹಿಂದಿನ ರಕ್ತ ಪರೀಕ್ಷೆ ಕೈಯಲ್ಲೇ ಇತ್ತು, ಹಿಮಾಟೋಕ್ರಿಟ್ 43 ಅಂತ. ಆದರೂ ಅವತ್ತೇ ಮತ್ತೆ ರಕ್ತ ತೆಗೆದರು, 39 ಬಂತು. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಕಾಂಟ್ರಾಸ್ಟ್ ನಂತರ ಸ್ನಾಯು 430, ರಕ್ತ 1600ರಿಂದ 300’ ಅಂತಲೂ ಇದೆ.

ಉತ್ತರ: ಆ ಸಣ್ಣ ಅಕ್ಷರದ ಸಾಲನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ದಪ್ಪ ಅಕ್ಷರದ ಶೇಕಡಾವಾರು ನೋಡಿ ಗಾಬರಿಯಾಗುತ್ತಾರೆ, ಅದು ಎಲ್ಲಿಂದ ಬಂತು ಅನ್ನುವುದನ್ನು ನೋಡುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೊದಲು ಟಿ1 ವಿಷಯ ಮುಗಿಸೋಣ, ಅದು ಸುಲಭ. (ಟಿ1 ಅಂದರೆ ಏನು ಅಂತ ಮುಂದೆ ಹೇಳುತ್ತೇನೆ. ನೇಟಿವ್ ಅಂದರೆ ಕಾಂಟ್ರಾಸ್ಟ್ ಕೊಡುವ ಮೊದಲು ಅಳೆದದ್ದು.) ಎರಡೂ ವರದಿಗಳ ಮೇಲ್ಭಾಗ ನೋಡಿ. ಒಂದರಲ್ಲಿ 3 ಟೆಸ್ಲಾ, ಇನ್ನೊಂದರಲ್ಲಿ 1.5 ಟೆಸ್ಲಾ ಅಂತ ಇರಬೇಕು. ಟೆಸ್ಲಾ ಅಂದರೆ ಅಯಸ್ಕಾಂತದ ಬಲ. ಅದು ಹೆಚ್ಚಾದ ಹಾಗೆ ಟಿ1 ಕೂಡ ಉದ್ದವಾಗುತ್ತದೆ. ಕಾಂಟ್ರಾಸ್ಟ್ ಕೊಡುವ ಮೊದಲು ಆರೋಗ್ಯವಂತ ಹೃದಯದ ಸ್ನಾಯುವಿನ ಟಿ1 1.5 ಟೆಸ್ಲಾದಲ್ಲಿ ಸುಮಾರು 950ರಿಂದ 1000 ಮಿಲಿಸೆಕೆಂಡ್, 3 ಟೆಸ್ಲಾದಲ್ಲಿ ಸುಮಾರು 1150ರಿಂದ 1200. ಯಂತ್ರದಿಂದ ಯಂತ್ರಕ್ಕೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಅಂದರೆ ಅಂದಿನ 1210 ಆ ಯಂತ್ರಕ್ಕೆ ತುಸು ಜಾಸ್ತಿ, ಇಂದಿನ 1040 ಈ ಯಂತ್ರಕ್ಕೆ ತುಸು ಜಾಸ್ತಿ. ಇಳಿದಿದ್ದು ಅಯಸ್ಕಾಂತದ ಬಲ, ನಿಮ್ಮ ಅಣ್ಣನವರ ಟಿ1 ಅಲ್ಲ. ಇದೊಂದು ಕಾರಣಕ್ಕೇ ಎರಡು ಕಡೆಯ ಟಿ1 ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ.

ಇನ್ನು ಇಸಿವಿ, ಅಂದರೆ ಹೃದಯದ ಸ್ನಾಯುವಿನಲ್ಲಿ ಜೀವಕೋಶಗಳ ಹೊರಗಿನ ಜಾಗ ಶೇಕಡಾ ಎಷ್ಟು ಅನ್ನುವ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕಾಂಟ್ರಾಸ್ಟ್‌ನಲ್ಲಿ ಇರುವುದು ಗ್ಯಾಡೋಲಿನಿಯಂ ಎಂಬ ಲೋಹ. ಸಿಟಿ ಸ್ಕ್ಯಾನ್‌ನಲ್ಲಿ ಅಯೋಡಿನ್ ಕೊಟ್ಟರೆ ಯಂತ್ರಕ್ಕೆ ಆ ಅಯೋಡಿನ್ನೇ ಕಾಣುತ್ತದೆ. ಎಂಆರ್‌ಐ ಹಾಗಲ್ಲ. ಅದಕ್ಕೆ ಗ್ಯಾಡೋಲಿನಿಯಂ ಕಾಣುವುದೇ ಇಲ್ಲ! ಕಾಣುವುದು ನೀರು. ನೀರಿನಲ್ಲಿರುವ ಪ್ರೋಟಾನ್‌ಗಳನ್ನು ರೇಡಿಯೋ ಅಲೆಯಿಂದ ಒಮ್ಮೆ ಕದಡಿದರೆ, ಅವು ಮತ್ತೆ ಸಮಸ್ಥಿತಿಗೆ ಬರಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತವೆ. ಆ ಹೊತ್ತಿನ ಅಳತೆಯೇ ಟಿ1. ಗ್ಯಾಡೋಲಿನಿಯಂ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿವೆ. ಹಾಗಾಗಿ ಅದು ಪುಟ್ಟ ಅಯಸ್ಕಾಂತದ ಹಾಗೆ ವರ್ತಿಸುತ್ತದೆ, ಹತ್ತಿರದ ನೀರು ಬೇಗ ಸಮಸ್ಥಿತಿಗೆ ಬರುವಂತೆ ಮಾಡುತ್ತದೆ. ಗಾಳಿ ಕಾಣುವುದಿಲ್ಲ, ಎಲೆ ಅಲ್ಲಾಡುವುದು ಕಾಣುತ್ತದೆ, ಅಲ್ವಾ? ಎಲೆ ನೋಡಿ ಗಾಳಿ ಎಷ್ಟಿದೆ ಅಂತ ಹೇಳುವ ಕೆಲಸ ನಮ್ಮದು.

ಹಾಗಾದರೆ ಚಿತ್ರದಲ್ಲಿ ಎಲ್ಲಿ ಬೆಳ್ಳಗಿದೆಯೋ ಅಲ್ಲಿ ಔಷಧ ಜಾಸ್ತಿ ಅಂತ ಸುಮ್ನೆ ಅಳೆದುಬಿಡಬಾರದಾ? ಆಗುವುದಿಲ್ಲ. ಎದೆಯ ಮೇಲೆ ಇಟ್ಟ ಕಾಯಿಲ್‌ಗೆ ಹತ್ತಿರ ಇರುವ ಭಾಗ ಹೇಗೂ ಬೆಳ್ಳಗೆ ಕಾಣುತ್ತದೆ, ಒಳಗಿನ ಭಾಗ ಮಂಕಾಗಿರುತ್ತದೆ. ಇನ್ನೊಂದು, ಔಷಧ ಎರಡರಷ್ಟಾದರೆ ಬಿಳುಪು ಎರಡರಷ್ಟಾಗುವುದಿಲ್ಲ. ಒಂದು ಮಟ್ಟ ಮುಟ್ಟಿದ ಮೇಲೆ ಬಿಳುಪು ಏರುವುದು ನಿಲ್ಲುತ್ತದೆ, ತುಂಬಾ ಗಾಢವಾದರೆ ಕಪ್ಪಾಗುವುದೂ ಉಂಟು. ಚಿತ್ರದ ಬಿಳುಪಿಗೆ ತನ್ನದೇ ಆದ ಏಕಮಾನವಿಲ್ಲ. ಟಿ1ಗೆ ಇದೆ, ಮಿಲಿಸೆಕೆಂಡ್. ಇನ್ನೂ ಅನುಕೂಲದ ವಿಷಯ ಅಂದರೆ, ಟಿ1ನ ವಿಲೋಮ ತೆಗೆದುಕೊಂಡರೆ ಲೆಕ್ಕ ನೇರವಾಗುತ್ತದೆ. ವಿಲೋಮದಲ್ಲಿ ಆದ ಏರಿಕೆ ಅಲ್ಲಿರುವ ಗ್ಯಾಡೋಲಿನಿಯಂ ಪ್ರಮಾಣಕ್ಕೆ ತಕ್ಕಷ್ಟೇ ಇರುತ್ತದೆ. ಔಷಧ ಎರಡರಷ್ಟಾದರೆ ಏರಿಕೆಯೂ ಎರಡರಷ್ಟು.

ಬಿಳುಪಿನ ಚಿತ್ರ ಪ್ರಯೋಜನವಿಲ್ಲ ಅಂತಲ್ಲ. ವರದಿಗಳಲ್ಲಿ ಎಲ್‌ಜಿಇ ಅಂತ ಬರೆಯುವುದು ಅದನ್ನೇ. ಔಷಧ ಕೊಟ್ಟು 10-15 ನಿಮಿಷ ಬಿಟ್ಟು, ಆರೋಗ್ಯವಾಗಿರುವ ಸ್ನಾಯು ಪೂರ್ತಿ ಕಪ್ಪಾಗಿ ಕಾಣುವ ಕ್ಷಣವನ್ನು ಹುಡುಕಿ ಚಿತ್ರ ತೆಗೆಯುತ್ತೇವೆ. ಆಗ ಹಳೆಯ ಹೃದಯಾಘಾತದ ಕಲೆ ಕಪ್ಪು ಗೋಡೆಯ ಒಳಅಂಚಿನಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ, ಆಗಿದ್ದರೆ ಸಾಮಾನ್ಯವಾಗಿ ಗೋಡೆಯ ಹೊರಅಂಚಿನ ಕಡೆ. 2000ದ ಸುಮಾರಿನಿಂದ ಬಳಕೆಗೆ ಬಂದ ಈ ವಿಧಾನಕ್ಕೆ ಕಲೆ ಹುಡುಕುವುದರಲ್ಲಿ ಇವತ್ತಿಗೂ ಸಾಟಿ ಇಲ್ಲ. ಆದರೆ ಅದರ ಬುಡದಲ್ಲೇ ಒಂದು ತೊಂದರೆ ಇದೆ. ‘ಇದು ಆರೋಗ್ಯವಾಗಿರುವ ಭಾಗ’ ಅಂತ ಯಾವುದೋ ಒಂದು ಜಾಗವನ್ನು ಮೊದಲೇ ನಂಬಬೇಕು. ಇಡೀ ಗೋಡೆ ಒಂದೇ ಸಮನೆ ಸ್ವಲ್ಪ ಸ್ವಲ್ಪ ಕೆಟ್ಟಿದ್ದರೆ? ಕೆಟ್ಟದ್ದನ್ನೇ ಕಪ್ಪು ಮಾಡಿ, ಎಲ್ಲ ಸರಿಯಿದೆ ಅಂದುಬಿಡುತ್ತೇವೆ. ದಪ್ಪಗಾದ ಹೃದಯಗಳಲ್ಲಿ ಇದೇ ಭಯ. ನಿಮ್ಮ ಅಣ್ಣನವರಿಗೆ ಟಿ1 ನಕ್ಷೆ ಮಾಡಿ ಇಸಿವಿ ತೆಗೆದದ್ದು ಅದಕ್ಕೇ ಇರಬೇಕು.

ಆ ನಕ್ಷೆ ತೆಗೆಯುವುದು ಹೀಗೆ. ಉಸಿರು ಹಿಡಿಯಿರಿ ಅಂತ ಹೇಳುತ್ತಾರೆ. ಇಸಿಜಿ ನೋಡಿಕೊಂಡು, ಹೃದಯ ಸಡಿಲವಾಗಿ ಹೆಚ್ಚುಕಡಿಮೆ ನಿಂತಂತಿರುವ ಗಳಿಗೆಯಲ್ಲಿ ಮಾತ್ರ ಚಿತ್ರ ತೆಗೆಯುತ್ತಾರೆ. ಪ್ರೋಟಾನ್‌ಗಳನ್ನು ತಲೆಕೆಳಗು ಮಾಡಿ, ಅವು ಚೇತರಿಸಿಕೊಳ್ಳುವುದನ್ನು ಬಡಿತಕ್ಕೊಂದು ಚಿತ್ರದಂತೆ ಹಿಡಿಯುತ್ತಾರೆ. 2004ರಲ್ಲಿ ಬಂದ ಮಾಲಿ ಎಂಬ ವಿಧಾನದ ಮೂಲ ರೂಪದಲ್ಲಿ 17 ಬಡಿತಗಳಲ್ಲಿ 11 ಚಿತ್ರ, ನಡುವೆ ಕೆಲವು ಬಡಿತಗಳನ್ನು ಚಿತ್ರವಿಲ್ಲದೆ ಬಿಡುತ್ತಾರೆ. (ತೋಟದ ಮಾಲಿ ಅಲ್ಲ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಹಾಗಾಗಿದೆ.) ಆಮೇಲೆ ಕಂಪ್ಯೂಟರ್ ಪ್ರತಿಯೊಂದು ಪಿಕ್ಸೆಲ್‌ಗೂ ಈ 11 ಚುಕ್ಕಿಗಳ ಮೂಲಕ ಒಂದು ಏರುಗೆರೆ ಎಳೆದು ಅದರ ಟಿ1 ಎಷ್ಟು ಅಂತ ಹೇಳುತ್ತದೆ. ಬಣ್ಣಬಣ್ಣದ ನಕ್ಷೆ ನೋಡಿರುತ್ತೀರಿ. ಅಲ್ಲಿ ಬಣ್ಣ ಬರೀ ಚಂದಕ್ಕೆ. ಒಂದೊಂದು ಪಿಕ್ಸೆಲ್‌ನಲ್ಲೂ ಒಂದು ಸಂಖ್ಯೆ ಕೂತಿದೆ. ಇದನ್ನು ಔಷಧ ಕೊಡುವ ಮೊದಲೊಮ್ಮೆ, ಕೊಟ್ಟು ಸುಮಾರು ಕಾಲು ಗಂಟೆ ಆದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ ಮಾಡುತ್ತಾರೆ.

ಕಾಲು ಗಂಟೆ ಯಾಕೆ ಕಾಯಬೇಕು? ಔಷಧ ಕೈಯ ರಕ್ತನಾಳದಲ್ಲಿ ಹೋದ ಕೆಲವೇ ಸೆಕೆಂಡುಗಳಲ್ಲಿ ಹೃದಯ ತಲುಪುತ್ತದೆ. ಆಗ ಅಳೆದರೆ ಸಿಗುವುದು ರಕ್ತ ಎಷ್ಟು ಜೋರಾಗಿ ಬಂತು ಅನ್ನುವುದು. ರಕ್ತನಾಳ ಕಟ್ಟಿದೆಯಾ ಅಂತ ನೋಡುವ ಪರ್ಫ್ಯೂಷನ್ ಪರೀಕ್ಷೆಯಲ್ಲಿ ಬೇಕಿರುವುದು ಅದೇ, ಆದರೆ ಅದೇ ಬೇರೆ ಕತೆ. ಇಸಿವಿಗೆ ಬೇಕಿರುವುದು ಓಟ ಅಲ್ಲ, ಓಟ ಮುಗಿದ ಮೇಲಿನ ಹಂಚಿಕೆ. ಔಷಧ ರಕ್ತನಾಳದಿಂದ ಆಚೆ ಸೋರಿ ಸ್ನಾಯುವಿನ ಸಂದುಗಳಲ್ಲಿ ತುಂಬಿಕೊಳ್ಳಬೇಕು, ರಕ್ತದಲ್ಲಿ ಇರುವುದಕ್ಕೂ ಸಂದಿನಲ್ಲಿ ಇರುವುದಕ್ಕೂ ಒಂದು ಹೊಂದಾಣಿಕೆ ಬರಬೇಕು. ಅಷ್ಟರಲ್ಲಿ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿ ಅರ್ಧದಷ್ಟಾಗುತ್ತದೆ. ಆದರೆ ರಕ್ತ, ಸ್ನಾಯು ಎರಡರಲ್ಲೂ ಒಟ್ಟೊಟ್ಟಿಗೆ ಇಳಿಯುವುದರಿಂದ ಅವೆರಡರ ಅನುಪಾತ ಹೆಚ್ಚು ಕದಲುವುದಿಲ್ಲ. ಈ ಅಳತೆ ನಿಂತಿರುವುದೇ ಅದರ ಮೇಲೆ.

ಸ್ನಾಯುವನ್ನು ಒಂದು ಇಟ್ಟಿಗೆ ಗೋಡೆ ಅಂದುಕೊಳ್ಳಿ. ಇಟ್ಟಿಗೆ ಅಂದರೆ ಜೀವಕೋಶ, ಗಾರೆ ಅಂದರೆ ಕೋಶಗಳ ನಡುವಿನ ಜಾಗ. ಗ್ಯಾಡೋಲಿನಿಯಂ ಇಟ್ಟಿಗೆಯ ಒಳಗೆ ಹೋಗುವುದಿಲ್ಲ, ಗಾರೆಯಲ್ಲಷ್ಟೇ ಇಳಿಯುತ್ತದೆ. ಆರೋಗ್ಯವಂತ ಹೃದಯದಲ್ಲಿ ಗಾರೆಯ ಪಾಲು ಸುಮಾರು ನಾಲ್ಕನೇ ಒಂದು, ಶೇ 25ರ ಆಸುಪಾಸು. ಇಸಿವಿ ಅಂದರೆ ಈ ಗಾರೆಯ ಪಾಲು. ಇಟ್ಟಿಗೆ ಸತ್ತು ಆ ಜಾಗದಲ್ಲಿ ನಾರು ಬೆಳೆದರೆ ಅದು ಏರುತ್ತದೆ. ಅಮೈಲಾಯ್ಡ್ ಎಂಬ ಪ್ರೋಟೀನ್ ಗಾರೆಯಲ್ಲಿ ತುಂಬಿಕೊಂಡರೆ ಇನ್ನೂ ಏರುತ್ತದೆ, ಶೇ 40 ದಾಟುವುದು ಅಲ್ಲಿ ಮಾಮೂಲು. ಕ್ರೀಡಾಪಟುಗಳ ಹೃದಯವೂ ದಪ್ಪಗಿರುತ್ತದೆ, ಆದರೆ ಅವರಲ್ಲಿ ಬೆಳೆದಿರುವುದು ಇಟ್ಟಿಗೆ. ಹಾಗಾಗಿ ಇಸಿವಿ ಏರುವುದಿಲ್ಲ. ಗೋಡೆ ಒಂದೇ ದಪ್ಪ, ಒಳಗಿನ ಸರಕು ಬೇರೆ.

ಈಗ ನಿಮ್ಮ ರಕ್ತದ ಪ್ರಶ್ನೆ. ಸ್ನಾಯುವಿನಲ್ಲಿ ಟಿ1 ಇಷ್ಟು ಬದಲಾಯಿತು ಅಂತ ಗೊತ್ತಾದರೂ, ಅದರಿಂದ ಗಾರೆ ಎಷ್ಟು ಅಂತ ಹೇಳಲು ಒಂದು ಅಳತೆಗೋಲು ಬೇಕು. ಯಾವುದಾದರೂ ಒಂದು ಜಾಗದಲ್ಲಿ ಗಾರೆಯ ಪಾಲು ಎಷ್ಟು ಅಂತ ಮೊದಲೇ ಗೊತ್ತಿರಬೇಕು. ಅಂಥ ಜಾಗ ಅದೇ ಚಿತ್ರದಲ್ಲಿ ಪಕ್ಕದಲ್ಲೇ ಇದೆ, ಹೃದಯದ ಕೋಣೆಯೊಳಗಿನ ರಕ್ತ. ರಕ್ತದಲ್ಲಿ ಇಟ್ಟಿಗೆ ಅಂದರೆ ಕೆಂಪು ಕಣ, ಗಾರೆ ಅಂದರೆ ಪ್ಲಾಸ್ಮಾ. ಕೆಂಪು ಕಣಗಳ ಪಾಲು ಎಷ್ಟು ಅನ್ನುವುದೇ ಹಿಮಾಟೋಕ್ರಿಟ್. ಅದು 39 ಆದರೆ ಪ್ಲಾಸ್ಮಾ 61. ಅಳತೆಗೋಲು ಸಿಕ್ಕಿತು.

ಲೆಕ್ಕವನ್ನು ನೀವೇ ಮಾಡಿ ನೋಡಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. 1000ವನ್ನು ಟಿ1ನಿಂದ ಭಾಗಿಸಿದರೆ ವಿಲೋಮ ಸಿಗುತ್ತದೆ. ಸ್ನಾಯು: ಮೊದಲು 1040, ಅಂದರೆ 0.96. ನಂತರ 430, ಅಂದರೆ 2.33. ಏರಿಕೆ ಸುಮಾರು 1.36. ರಕ್ತ: ಮೊದಲು 1600, ಅಂದರೆ 0.63. ನಂತರ 300, ಅಂದರೆ 3.33. ಏರಿಕೆ ಸುಮಾರು 2.71. ಸ್ನಾಯುವಿನ ಏರಿಕೆಯನ್ನು ರಕ್ತದ ಏರಿಕೆಯಿಂದ ಭಾಗಿಸಿ, 0.50. ಅಂದರೆ ಸ್ನಾಯುವಿನಲ್ಲಿ ಗಾರೆಯ ಪಾಲು ರಕ್ತದಲ್ಲಿರುವುದರ ಅರ್ಧ. ರಕ್ತದಲ್ಲಿ 61 ಇದೆ, ಅದರ ಅರ್ಧ ಶೇ 31ರ ಹತ್ತಿರ. ವರದಿಯಲ್ಲಿ ಇರುವುದೂ ಅದೇ.

ಈಗ 39ರ ಬದಲು ತಿಂಗಳ ಹಿಂದಿನ 43 ಹಾಕಿ. ಪ್ಲಾಸ್ಮಾ 57, ಅದರ ಅರ್ಧ 28.5, ದಶಮಾಂಶ ಬಿಡದೆ ಲೆಕ್ಕ ಹಾಕಿದರೆ ಸುಮಾರು 29. ನೋಡಿದಿರಾ? ಅದೇ ಹೃದಯ, ಅದೇ ಚಿತ್ರ, ಅದೇ ಯಂತ್ರ. ರಕ್ತದ ಒಂದು ಸಂಖ್ಯೆ ಹಳೆಯದಾಗಿದ್ದಕ್ಕೆ ಇಸಿವಿ ಎರಡು ಅಂಕ ಇಳಿಯಿತು! ನಿಮ್ಮನ್ನು ನಿದ್ದೆಗೆಡಿಸಿದ ವ್ಯತ್ಯಾಸ ಇರುವುದು ಮೂರು ಅಂಕ.

ಹಿಮಾಟೋಕ್ರಿಟ್ ಅಷ್ಟು ಬೇಗ ಬದಲಾಗುತ್ತದಾ ಅಂತ ಕೇಳಬಹುದು. ತಿಂಗಳೇನು, ಅರ್ಧ ಗಂಟೆಯಲ್ಲೂ ಬದಲಾಗುತ್ತದೆ. ನಿಂತಿದ್ದವರು ಮಲಗಿದರೆ ಕಾಲಿನ ಕಡೆ ಸೋರಿದ್ದ ನೀರು ಮತ್ತೆ ರಕ್ತಕ್ಕೆ ಬಂದು ಸೇರುತ್ತದೆ, ರಕ್ತ ತುಸು ತೆಳುವಾಗುತ್ತದೆ, ಹಿಮಾಟೋಕ್ರಿಟ್ ಇಳಿಯುತ್ತದೆ. ಸ್ಕ್ಯಾನ್ ಮಾಡುವುದು ಮಲಗಿಸಿಯೇ. ಅದಕ್ಕೇ ಸೂಜಿ ಹಾಕುವಾಗ ಅಲ್ಲೇ ರಕ್ತ ತೆಗೆಯುವುದು. ನಿಮ್ಮ ಅಣ್ಣನವರಿಗೆ ಅವತ್ತೇ ರಕ್ತ ತೆಗೆದವರು ಕೆಲಸ ಗೊತ್ತಿದ್ದವರು. ರಕ್ತವನ್ನೇ ತೆಗೆಯದೆ, ರಕ್ತದ ಟಿ1ನಿಂದ ಹಿಮಾಟೋಕ್ರಿಟ್ ಅಂದಾಜು ಮಾಡುವ ಸಾಫ್ಟ್‌ವೇರ್‌ಗಳೂ ಬಂದಿವೆ. ಏನೂ ಇಲ್ಲದಿದ್ದಾಗ ಪರವಾಗಿಲ್ಲ, ಆದರೆ ಒಬ್ಬ ವ್ಯಕ್ತಿಯ ವಿಷಯದಲ್ಲಿ ನಿರ್ಧಾರ ಮಾಡುವುದಕ್ಕೆ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದಿದ್ದ ದಿನಗಳು. ಒಬ್ಬರ ಇಸಿವಿ ಶೇ 39 ಅಂತ ಬಂತು. ಅಮೈಲಾಯ್ಡ್ ಇರಬಹುದು ಅಂತ ವರದಿ ಬರೆಯಲು ಕೂತಿದ್ದೆ. ಹಿರಿಯರೊಬ್ಬರು ಹಿಂದಿನಿಂದ ಬಂದು ಪರದೆ ನೋಡಿ, ‘ನೇಟಿವ್ ಟಿ1 ನಾರ್ಮಲ್ ಇದೆಯಲ್ಲಪ್ಪಾ, ಅಮೈಲಾಯ್ಡ್ ಎಲ್ಲಿಂದ ಬಂತು?’ ಅಂದರು. ಹುಡುಕಿದರೆ, ಹಿಮಾಟೋಕ್ರಿಟ್ ಹಾಕಬೇಕಾದ ಜಾಗದಲ್ಲಿ ನಾನು 14 ಅಂತ ಹಾಕಿದ್ದೆ. ಅದು ಹಿಮೋಗ್ಲೋಬಿನ್! ರಕ್ತದ ವರದಿಯಲ್ಲಿ ಎರಡೂ ಅಕ್ಕಪಕ್ಕದ ಸಾಲು. 42 ಹಾಕಿದ ಕೂಡಲೇ ಇಸಿವಿ 26ಕ್ಕೆ ಬಂದು ಕೂತಿತು. ಆ ಮನುಷ್ಯರ ಹೃದಯಕ್ಕೆ ಏನೂ ಆಗಿರಲಿಲ್ಲ. ಅಂದಿನಿಂದ ಇಸಿವಿ ನೋಡುವ ಮೊದಲು ನಾನು ಹಿಮಾಟೋಕ್ರಿಟ್ ನೋಡುತ್ತೇನೆ.

ಸಂಖ್ಯೆ ಕೆಡುವ ಇನ್ನೊಂದು ಜಾಗ ಗೋಡೆಯ ಅಂಚು. ಎಡಗಡೆಯ ಕೆಳಕೋಣೆಯ ಗೋಡೆ ಸಾಮಾನ್ಯವಾಗಿ 8-10 ಮಿಲಿಮೀಟರ್ ದಪ್ಪ. ಪಿಕ್ಸೆಲ್ ಒಂದೊಂದೂ ಒಂದೂವರೆ-ಎರಡು ಮಿಲಿಮೀಟರ್. ಅಂದರೆ ಗೋಡೆಗೆ ಅಡ್ಡಲಾಗಿ ಸಿಗುವುದೇ ಐದಾರು ಪಿಕ್ಸೆಲ್. ಅವುಗಳಲ್ಲಿ ಒಳಅಂಚಿನದು ಅರ್ಧ ಸ್ನಾಯು, ಅರ್ಧ ರಕ್ತ. ಅಳತೆಯ ಗೆರೆ ಎಳೆಯುವವರು ಸ್ವಲ್ಪ ಧಾರಾಳಿಯಾದರೆ ರಕ್ತವೂ ಒಳಗೆ ಸೇರುತ್ತದೆ. ರಕ್ತದ ಗಾರೆ 61 ಅಂತ ಆಗಲೇ ನೋಡಿದೆವು. ನಿಜವಾದ ಇಸಿವಿ 28 ಇರುವ ಸ್ನಾಯುವಿನ ಅಳತೆಯಲ್ಲಿ ಹತ್ತರಲ್ಲಿ ಒಂದು ಪಾಲು ರಕ್ತ ಬೆರೆತರೆ, ಹತ್ತಿರಹತ್ತಿರ 31 ಬರುತ್ತದೆ. ಮತ್ತೆ ಅದೇ 31! ಅದಕ್ಕೇ ಎಡ-ಬಲ ಕೋಣೆಗಳ ನಡುವಿನ ಗೋಡೆಯಲ್ಲಿ, ಎರಡೂ ಅಂಚು ಬಿಟ್ಟು, ನಟ್ಟನಡುವೆ ಅಳೆಯಬೇಕು ಅನ್ನುವುದು. ರೋಗಿ ಉಸಿರು ಬಿಟ್ಟರೆ, ಬಡಿತ ತಪ್ಪಿದರೆ, ಮೊದಲಿನ ನಕ್ಷೆಗೂ ಆಮೇಲಿನ ನಕ್ಷೆಗೂ ಜಾಗ ಸರಿದರೆ ಇದೇ ಗೋಳು. ತಿದ್ದುವ ಸಾಫ್ಟ್‌ವೇರ್ ಇದೆ, ಪವಾಡ ಮಾಡುವುದಿಲ್ಲ.

ಹಾಗಂತ ಇಸಿವಿ ನಂಬಲಾಗದ ಸಂಖ್ಯೆ ಅಂತ ತಿಳಿಯಬೇಡಿ. ಟಿ1ಗಿಂತ ಇದು ಎಷ್ಟೋ ಗಟ್ಟಿ. ಅಯಸ್ಕಾಂತದ ಬಲ ಬದಲಾದರೆ ಸ್ನಾಯುವಿನ ಟಿ1 ಏರಿದ ಹಾಗೆ ರಕ್ತದ ಟಿ1 ಕೂಡ ಏರುತ್ತದೆ, ಅನುಪಾತದಲ್ಲಿ ಬಹುಪಾಲು ವಜಾ ಆಗುತ್ತದೆ. ಔಷಧ ಸ್ವಲ್ಪ ಹೆಚ್ಚು ಕೊಟ್ಟರೂ, ಐದು ನಿಮಿಷ ತಡವಾದರೂ ಹಾಗೇ. ಎರಡು ಬೇರೆ ಯಂತ್ರಗಳಲ್ಲಿ 28 ಮತ್ತು 31 ಬಂದಿದ್ದನ್ನೇ ನೋಡಿ. ಇಷ್ಟೆಲ್ಲ ಬದಲಾದರೂ ಮೂರೇ ಅಂಕ ಆಚೀಚೆ. ನನಗೆ ಕಾಣುವುದು ಎರಡೂ ವರದಿ ಒಂದೇ ಮಾತು ಹೇಳುತ್ತಿವೆ ಅಂತ. ಗಾರೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಇದೆ, ಅಮೈಲಾಯ್ಡ್‌ನಲ್ಲಿ ಸಾಮಾನ್ಯವಾಗಿ ಕಾಣುವ ಮಟ್ಟಕ್ಕೆ ಏರಿಲ್ಲ. ಆದರೆ ಇಸಿವಿ ಒಂದನ್ನೇ ಹಿಡಿದು ಅದು ಇಲ್ಲವೇ ಇಲ್ಲ ಅಂತ ಹೇಳಲಾಗದು. ಎರಡು ವರ್ಷದಲ್ಲಿ ರೋಗ ಬೆಳೆದಿದೆ ಅನ್ನುವುದಕ್ಕೆ ಈ ಸಂಖ್ಯೆಗಳು ಸಾಲುವುದಿಲ್ಲ. ಬೆಳೆದಿಲ್ಲ ಅಂತ ಆಣೆ ಮಾಡಲೂ ಆಗುವುದಿಲ್ಲ. ಗೋಡೆಯ ದಪ್ಪ, ಎಲ್‌ಜಿಇ ಚಿತ್ರ, ಇಸಿಜಿ, ನಡೆದರೆ ಏದುಸಿರು ಬರುತ್ತದಾ ಅನ್ನುವುದು, ಇವನ್ನೆಲ್ಲ ಇಟ್ಟುಕೊಂಡು ಅವರ ಹೃದ್ರೋಗ ತಜ್ಞರೇ ಹೇಳಬೇಕು.

ಗಾರೆ ಜಾಸ್ತಿಯಾದರೆ ಅದು ನಾರೇ ಆಗಿರಬೇಕು ಅಂತಲೂ ಇಲ್ಲ. ಸ್ನಾಯುವಿನಲ್ಲಿ ಊತ ಬಂದರೂ ಇಸಿವಿ ಏರುತ್ತದೆ. ಅದು ಜಾಗ ಎಷ್ಟಿದೆ ಅಂತ ಹೇಳುತ್ತದೆ, ಜಾಗದಲ್ಲಿ ಏನಿದೆ ಅಂತ ಹೇಳುವುದಿಲ್ಲ. ದಪ್ಪ ಹೃದಯಕ್ಕೆ ಫ್ಯಾಬ್ರಿ ಎಂಬ ಅಪರೂಪದ ಕಾಯಿಲೆ ಕಾರಣವಾಗಿದ್ದರೆ ನೇಟಿವ್ ಟಿ1 ಮಾಮೂಲಿಗಿಂತ ಕೆಳಗೆ ಇಳಿದಿರುವುದೇ ಹೆಚ್ಚು, ಕೋಶದೊಳಗೆ ಕೊಬ್ಬಿನಂಥ ಪದಾರ್ಥ ತುಂಬಿರುತ್ತದೆ. ಈ ಯಂತ್ರದಲ್ಲಿ ನಿಮ್ಮ ಅಣ್ಣನವರದು ಇಳಿದಿಲ್ಲ. ಇಂಥ ಕಡೆ ಟಿ1 ಮತ್ತು ಇಸಿವಿ ಎರಡನ್ನೂ ಒಟ್ಟಿಗೆ ಓದಬೇಕು, ನನ್ನ ಹಿರಿಯರು ಅವತ್ತು ಓದಿದ ಹಾಗೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಎರಡು ಸಲ ಗ್ಯಾಡೋಲಿನಿಯಂ ಕೊಟ್ಟಿದ್ದಾರೆ, ಏನೂ ಆಗುವುದಿಲ್ಲವಾ ಅಂತ ಹಲವರಿಗೆ ದಿಗಿಲು. ಬಿಡಿ ಗ್ಯಾಡೋಲಿನಿಯಂ ವಿಷವೇ. ಅದಕ್ಕೇ ಅದನ್ನು ಇನ್ನೊಂದು ಅಣುವಿನ ಪಂಜರದೊಳಗೆ ಕೂಡಿಹಾಕಿ ಕೊಡುವುದು. ಪಂಜರಗಳಲ್ಲಿ ಎರಡು ಬಗೆ, ಉದ್ದ ಸರದಂಥದ್ದು ಮತ್ತು ಸುತ್ತಲೂ ಮುಚ್ಚಿದ ಉಂಗುರದಂಥದ್ದು. ಉಂಗುರದ್ದು ಹೆಚ್ಚು ಬಿಗಿ. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಚರ್ಮ ಗಟ್ಟಿಯಾಗುವ ಒಂದು ಕಾಯಿಲೆಗೂ ಈ ಔಷಧಕ್ಕೂ ಸಂಬಂಧ ಇದೆ ಅಂತ 2006ರಲ್ಲಿ ಗೊತ್ತಾಯಿತು. ಅದಾದ ಮೇಲೆ ಮೂತ್ರಪಿಂಡ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡುವುದು ರೂಢಿಯಾಯಿತು. ಯುರೋಪಿನಲ್ಲಿ 2017ರಲ್ಲಿ ಸರದ ಬಗೆಯ ಹೆಚ್ಚಿನ ಔಷಧಗಳ ಬಳಕೆಯನ್ನೇ ತಡೆದರು. ಮೂತ್ರಪಿಂಡ ಸರಿಯಿರುವವರಿಗೆ ಉಂಗುರದ ಬಗೆಯದನ್ನು ಎರಡು ವರ್ಷಕ್ಕೊಮ್ಮೆ ಕೊಟ್ಟರೆ ಅಂಜಬೇಕಾದ್ದಿಲ್ಲ. ಆದರೆ ಅಗತ್ಯವಿಲ್ಲದೆ, ಸಂಖ್ಯೆ ನೋಡುವ ಕುತೂಹಲಕ್ಕೆ ಪದೇ ಪದೇ ಮಾಡಿಸಬೇಡಿ.

ಮುಂದಿನ ಸಲ ಡಾಕ್ಟರು ಹೇಳಿದರೆ, ಈಗ ಮಾಡಿಸಿದ ಯಂತ್ರದಲ್ಲೇ ಮಾಡಿಸಿ. ಈಗಿನ ಸಿಡಿಯನ್ನು ಜೋಪಾನವಾಗಿ ಇಡಿ, ಬರೀ ಕಾಗದ ಸಾಲದು. ಮತ್ತೆ ಒಂದು ಕೆಲಸ: ಎರಡು ವರ್ಷದ ಹಿಂದೆ ಮಾಡಿದ ಕಡೆ ಫೋನ್ ಮಾಡಿ, ಆ ಶೇ 28ಕ್ಕೆ ಹಿಮಾಟೋಕ್ರಿಟ್ ಎಷ್ಟು ಹಾಕಿದ್ದರು, ಅದು ಯಾವ ದಿನದ್ದು ಅಂತ ಕೇಳಿ. ಹಳೆಯದು ಹಾಕಿದ್ದರೆ, ಅಥವಾ ಅಂದಾಜಿನದು ಹಾಕಿದ್ದರೆ, ಅವತ್ತು ನಿಜವಾಗಿ ಎಷ್ಟಿತ್ತು ಅಂತ ಬೇರೆ ಯಾವುದಾದರೂ ರಕ್ತದ ವರದಿಯಲ್ಲಿ ಇರಬಹುದು. ಸಿಕ್ಕರೆ ಬರೆಯಿರಿ, ಅಂದಿನ ಲೆಕ್ಕವನ್ನೂ ಇದೇ ರೀತಿ ಮತ್ತೊಮ್ಮೆ ಹಾಕಿ ನೋಡೋಣ.